ಮನೆಯಲ್ಲೇ ವಿಡಿಯೋ ವಿಮರ್ಶೆ: ಹೊಸದಾಗಿ ಆರಂಭಿಸುವವರಿಗೆ ನಾಲ್ಕು ಮಾತು



ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಹಿಂದೆ ಒಂದು ಹೊಲಿಗೆ ಯಂತ್ರವನ್ನೋ ಪ್ರೆಷರ್ ಕುಕ್ಕರನ್ನೋ ಕೊಳ್ಳಬೇಕಾದರೆ ನೆರೆಮನೆಯವರನ್ನು ಕೇಳುತ್ತಿದ್ದೆವು. "ನೀವು ತಂದದ್ದು ಹೇಗಿದೆ ಮಾರಾಯ್ರೆ?" ಎಂದು ವಿಚಾರಿಸಿ, ಅವರ ಮನೆಗೇ ಹೋಗಿ ನೋಡಿ, ನಂತರ ಪೇಟೆಗೆ ಹೋಗುವುದು ವಾಡಿಕೆಯಾಗಿತ್ತು. ಈಗ ನಾವು ಕೇಳುವುದು ಮೊಬೈಲನ್ನು. ಮೊಬೈಲಿನಲ್ಲಿ ಯಾರೋ ಒಬ್ಬರು ಡಬ್ಬಿ ಬಿಚ್ಚಿ ತೋರಿಸುತ್ತಾರೆ, ಮಾತನಾಡುತ್ತಾರೆ, "ತೆಗೆದುಕೊಳ್ಳಬಹುದು" ಎನ್ನುತ್ತಾರೆ. ನಾವು ಹಣ ಕಟ್ಟುತ್ತೇವೆ. ಅಂದರೆ ನೆರೆಮನೆಯವರ ಸ್ಥಾನದಲ್ಲಿ ಈಗ ವಿಡಿಯೋ ವಿಮರ್ಶೆ ಮಾಡುವವರು ಕುಳಿತಿದ್ದಾರೆ.

ಕರಾವಳಿಯಲ್ಲಿ ಹುಟ್ಟಿ ಬೆಳೆದ ನಾವು, ದಂಪತಿಗಳಿಬ್ಬರು, ಮಗನ ಉದ್ಯೋಗದ ಕಾರಣ ಕೆಲವು ವರ್ಷಗಳಿಂದ ದೊಡ್ಡಬಳ್ಳಾಪುರದಲ್ಲಿ ನೆಲೆಸಿದ್ದೇವೆ. ಮಂಗಳೂರಿನಿಂದ ಬಸ್ಸಿನಲ್ಲಿ ರಾತ್ರಿ ಹೊರಟವರು ಬೆಳಗ್ಗೆ ಕಣ್ಣು ಬಿಡುವ ನೆಲಮಂಗಲ, ವಿಮಾನ ಹತ್ತಲು ಹೋಗುವ ದೇವನಹಳ್ಳಿ, ಪೂರ್ವಕ್ಕಿರುವ ಹೊಸಕೋಟೆ ಮತ್ತು ನಮ್ಮ ದೊಡ್ಡಬಳ್ಳಾಪುರ ಸೇರಿ ನಾಲ್ಕು ತಾಲೂಕುಗಳ ಜಿಲ್ಲೆಯಿದು. 1986ರಲ್ಲಿ ಬೆಂಗಳೂರು ಗ್ರಾಮಾಂತರ ಎಂದು ರೂಪುಗೊಂಡ ಈ ಜಿಲ್ಲೆಗೆ ಬೆಂಗಳೂರು ಉತ್ತರ ಎಂಬ ಹೆಸರಿಡಲು ರಾಜ್ಯ ಸಚಿವ ಸಂಪುಟ 2025ರ ಜುಲೈಯಲ್ಲಿ ತೀರ್ಮಾನಿಸಿತು. ಇಲ್ಲಿಗೆ ಬಂದ ಮೇಲೆ ನಾವೂ ಮನೆಯಲ್ಲೇ ಸಣ್ಣಪುಟ್ಟ ವಿಡಿಯೋ ವಿಮರ್ಶೆಗಳನ್ನು ಮಾಡಲು ತೊಡಗಿದೆವು. ಎಡವಿದೆವು, ಕಲಿತೆವು. "ನಾವೂ ಶುರು ಮಾಡಬೇಕು, ಹೇಗೆ?" ಎಂದು ಊರಿನ ಹಲವರು ಕೇಳುತ್ತಿರುವುದರಿಂದ ನಮಗೆ ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಇದು ಹೇಗೆ ಬಂತು?

ಯೂಟ್ಯೂಬ್ ಆರಂಭವಾದದ್ದು 2005ರ ಫೆಬ್ರವರಿಯಲ್ಲಿ. ಅದೇ ವರ್ಷ ಏಪ್ರಿಲ್ 23ರಂದು ಏರಿಸಿದ ಮೊತ್ತಮೊದಲ ವಿಡಿಯೋ 20 ಸೆಕೆಂಡೂ ಇಲ್ಲ. ಸಂಸ್ಥಾಪಕರಲ್ಲಿ ಒಬ್ಬರಾದ ಜಾವೇದ್ ಕರೀಂ ಮೃಗಾಲಯದಲ್ಲಿ ಆನೆಗಳ ಮುಂದೆ ನಿಂತು ಅವುಗಳ ಸೊಂಡಿಲಿನ ಬಗ್ಗೆ ಎರಡು ಮಾತು ಹೇಳುತ್ತಾರೆ, ಅಷ್ಟೇ. ವಿಶೇಷ ದೀಪವಿಲ್ಲ, ಸಂಗೀತವಿಲ್ಲ. ಆರಂಭಿಸಲು ಹೆದರುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಕನ್ನಡದಲ್ಲಿ ವಸ್ತುಗಳ ವಿಮರ್ಶೆ ಮೊದಲು ಬಂದದ್ದು ಪತ್ರಿಕೆಗಳಲ್ಲಿ. ಪ್ರಜಾವಾಣಿಯಲ್ಲಿ ಡಾ. ಯು.ಬಿ. ಪವನಜ ಅವರು ಬರೆಯುತ್ತಿದ್ದ 'ಗ್ಯಾಜೆಟ್ ಲೋಕ' ಅಂಕಣವನ್ನು ಹಲವರು ನೆನಪಿಸಿಕೊಳ್ಳುತ್ತಾರೆ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾಗಿ ಡೇಟಾ ಅಗ್ಗವಾದ ಮೇಲೆ ವಿಡಿಯೋ ನೋಡುವುದು ಹಳ್ಳಿಹಳ್ಳಿಗೂ ಹಬ್ಬಿತು. 2020ರ ಲಾಕ್‌ಡೌನ್ ಸಮಯದಲ್ಲಿ ಮನೆಯಲ್ಲೇ ಕುಳಿತವರು ಮೊಬೈಲಿನಲ್ಲಿ ವಿಡಿಯೋ ಮಾಡತೊಡಗಿದರು. ಕಾಸರಗೋಡಿನ 'ಭಟ್ ಎನ್ ಭಟ್' ಸಹೋದರರ ಅಡುಗೆ ವಿಡಿಯೋಗಳು ಆಗಲೇ ಮನೆಮಾತಾದವು. 'ಡಾ. ಬ್ರೋ' ಎಂದು ಹೆಸರಾದ ಗಗನ್ ಶ್ರೀನಿವಾಸ್ ಅವರು ಕನ್ನಡದಲ್ಲೇ ಮಾತನಾಡುತ್ತಾ ದೇಶವಿದೇಶ ತೋರಿಸಿದರು. ಕನ್ನಡದಲ್ಲಿ ಮಾಡಿದರೆ ಯಾರು ನೋಡುತ್ತಾರೆ ಎಂಬ ಸಂಶಯಕ್ಕೆ ಇನ್ನು ಜಾಗವಿಲ್ಲ.

ಸಾವಿರಾರು ವಿಡಿಯೋಗಳಿರುವಾಗ ನಮ್ಮದೇಕೆ?

ಇದು ಮುಖ್ಯ ಪ್ರಶ್ನೆ. ಉತ್ತರ ನಮಗೆ ಸಿಕ್ಕಿದ್ದು ಅಡುಗೆಮನೆಯಲ್ಲಿ.

ನಾವೊಂದು ಮಿಕ್ಸಿ ಕೊಳ್ಳಲು ಹೊರಟಾಗ ಹತ್ತಾರು ವಿಮರ್ಶೆ ನೋಡಿದೆವು. ಎಲ್ಲರೂ ಹಣ್ಣಿನ ರಸ ಮಾಡಿ ತೋರಿಸಿದರು, ಪುದೀನ ಚಟ್ನಿ ಅರೆದು ತೋರಿಸಿದರು. ನಮಗೆ ಬೇಕಾದದ್ದು ಬೇರೆ. ಬಂಗುಡೆ ಗಸಿಗೆ ತೆಂಗಿನತುರಿ ಮತ್ತು ಬ್ಯಾಡಗಿ ಮೆಣಸು ಗಂಧದಂತೆ ನುಣ್ಣಗಾಗುತ್ತದೆಯೇ? ನೀರುದೋಸೆಗೆ ನೆನೆಸಿದ ಅಕ್ಕಿ ತರಿಯಿಲ್ಲದೆ ಅರೆಯುತ್ತದೆಯೇ? ನೆನೆಸಿದ ಕುಚ್ಚಲಕ್ಕಿ ಹಾಕಿದರೆ ಮೋಟಾರು ಬಿಸಿಯಾಗಿ ನಿಲ್ಲುತ್ತದೆಯೇ? ಇದನ್ನು ಯಾರೂ ಹೇಳಲಿಲ್ಲ. ಹೇಳಬೇಕಾದವರು ನಾವೇ ಎಂದು ಆಗ ಅನಿಸಿತು.

ಇನ್ನೊಂದು ಉದಾಹರಣೆ ನೀರಿನದು. ಊರಿನ ಬಾವಿ ನೀರಿನಲ್ಲಿ ಚೆನ್ನಾಗಿ ನೊರೆ ಬರುವ ಸೋಪು ಇಲ್ಲಿ ಬಂದರೆ ನೊರೆಯೇ ಬರುವುದಿಲ್ಲ. ಈ ಜಿಲ್ಲೆಯಲ್ಲಿ ಸದಾ ಹರಿಯುವ ದೊಡ್ಡ ನದಿಯಿಲ್ಲ. ಜನ ಹೆಚ್ಚಾಗಿ ನಂಬಿರುವುದು ಕೊಳವೆಬಾವಿಯನ್ನು. ನೀರು ಗಡಸು. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು. ಗಡಸು ನೀರಿನಲ್ಲಿ ಗೀಸರಿನ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತದೆ, ಬಟ್ಟೆ ಒಗೆಯುವ ಯಂತ್ರ ಬೇಗ ಕೆಡುತ್ತದೆ. ಆದ್ದರಿಂದ ಗೀಸರ್ ಬಗ್ಗೆ ಮಂಗಳೂರಿನವರು ಹೇಳಿದ್ದು ದೊಡ್ಡಬಳ್ಳಾಪುರದಲ್ಲಿ ಸುಳ್ಳಾಗಬಹುದು. ಇಲ್ಲಿನವರು ಹೇಳಿದ್ದು ಅಲ್ಲಿ ಸುಳ್ಳಾಗಬಹುದು. ಇಬ್ಬರೂ ಸತ್ಯವನ್ನೇ ಹೇಳಿರುತ್ತಾರೆ!

ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ ಡಿಸೆಂಬರ್ ಚಳಿಗೆ ದೋಸೆ ಹಿಟ್ಟು ಹುಳಿ ಬರುವುದೂ ತಡ. ಹೀಗಾಗಿ ವಿಮರ್ಶೆ ಮಾಡುವವರು ಮೊದಲು ಹೇಳಬೇಕಾದದ್ದು ತಮ್ಮ ಊರು, ನೀರು, ಮನೆಮಂದಿಯ ಸಂಖ್ಯೆ. ನಿಮ್ಮ ಮನೆ ಎಂಥದ್ದು ಎಂದು ತಿಳಿದರೆ ತಾನೇ ನಿಮ್ಮ ಮಾತು ತನಗೆ ಎಷ್ಟು ಅನ್ವಯಿಸುತ್ತದೆ ಎಂದು ನೋಡುವವನಿಗೆ ಗೊತ್ತಾಗುವುದು?

ಯಾವುದರಿಂದ ಆರಂಭಿಸಬೇಕು?

ವಿಮರ್ಶೆಗೆಂದೇ ಹೊಸ ವಸ್ತು ಕೊಳ್ಳಬೇಡಿ. ಮನೆಯಲ್ಲಿ ಈಗಾಗಲೇ ಇರುವ, ಆರು ತಿಂಗಳಾದರೂ ಬಳಸಿದ ವಸ್ತುವನ್ನು ಆರಿಸಿಕೊಳ್ಳಿ. ಡಬ್ಬಿ ಬಿಚ್ಚಿದ ದಿನ ಎಲ್ಲವೂ ಹೊಳೆಯುತ್ತದೆ. ಆರು ತಿಂಗಳ ನಂತರ ಜಾರಿನ ರಬ್ಬರ್ ಸಡಿಲವಾಗಿದೆಯೇ, ಹಿಡಿ ಅಲ್ಲಾಡುತ್ತಿದೆಯೇ, ಕೆಟ್ಟಾಗ ರಿಪೇರಿಗೆ ಊರಲ್ಲೇ ಜನ ಸಿಕ್ಕಿದರೇ, ಬಿಡಿಭಾಗಕ್ಕೆ ಎಷ್ಟು ದಿನ ಕಾಯಬೇಕಾಯಿತು ಎಂಬುದೇ ಉಪಯುಕ್ತ ಮಾಹಿತಿ. ಅಂಗಡಿಯವರು ಇದನ್ನು ಹೇಳುವುದಿಲ್ಲ, ಡಬ್ಬಿಯ ಮೇಲೆ ಬರೆದಿರುವುದಿಲ್ಲ.

ಮಿಕ್ಸಿ, ಗ್ರೈಂಡರ್, ನೀರು ಶುದ್ಧೀಕರಿಸುವ ಯಂತ್ರ, ಮಕ್ಕಳ ಸೈಕಲ್, ಶಾಲೆಯ ಬ್ಯಾಗು, ಹಿರಿಯರಿಗೆ ರಕ್ತದೊತ್ತಡ ಅಳೆಯುವ ಸಾಧನ, ಕನ್ನಡ ಪುಸ್ತಕ ಎಲ್ಲವೂ ಆಗಬಹುದು. ಊರಿನ ಬೆಳೆಯೂ ಆಗಬಹುದು. ದೇವನಹಳ್ಳಿಯ ಚಕ್ಕೋತಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯಿದೆ. ಹಣ್ಣನ್ನು ಆರಿಸುವುದು ಹೇಗೆ, ಸುಲಿಯುವುದು ಹೇಗೆ, ತೊಳೆಯ ರುಚಿ ಹೇಗಿದೆ ಎಂದು ಐದು ನಿಮಿಷ ಹೇಳಿದರೆ ಅದೂ ಒಂದು ಒಳ್ಳೆಯ ವಿಮರ್ಶೆಯೇ. ಆದರೆ ಔಷಧಿ, ಹೂಡಿಕೆ, ಸಾಲದ ಆ್ಯಪ್ ಇವುಗಳ ತಂಟೆಗೆ ಹೋಗದಿರುವುದು ಲೇಸು. ಅದಕ್ಕೆ ವಿದ್ಯೆ ಬೇಕು, ಅರ್ಹತೆ ಬೇಕು.

ಬೇಕಾಗುವ ಸಾಮಾನು

1. ಮೊಬೈಲು: ಈಗ ನಿಮ್ಮ ಕೈಯಲ್ಲಿರುವುದೇ ಸಾಕು. ಹಿಂದಿನ ಕ್ಯಾಮೆರಾ ಬಳಸಿ; ಮುಂದಿನದಕ್ಕಿಂತ ಅದೇ ಸಾಮಾನ್ಯವಾಗಿ ಉತ್ತಮ. ಮಸೂರವನ್ನು ಹತ್ತಿಬಟ್ಟೆಯಿಂದ ಒರೆಸಿಕೊಳ್ಳಿ, ಅಡುಗೆಮನೆಯ ಮೊಬೈಲಿನಲ್ಲಿ ಎಣ್ಣೆ ಇದ್ದೇ ಇರುತ್ತದೆ. 1080 ಗುಣಮಟ್ಟದಲ್ಲಿ ಚಿತ್ರೀಕರಿಸಿದರೆ ಸಾಕು, 4ಕೆ ಬೇಡ. ಮೊಬೈಲಿನ ಜಾಗ ಬೇಗ ತುಂಬುತ್ತದೆ.

2. ನಿಲುಗಡೆ: ಕೈಯಲ್ಲಿ ಹಿಡಿದರೆ ಚಿತ್ರ ನಡುಗುತ್ತದೆ. ಕೆಲವು ನೂರು ರೂಪಾಯಿಗೆ ಟ್ರೈಪಾಡ್ ಸಿಗುತ್ತದೆ. ಅದೂ ಇಲ್ಲದಿದ್ದರೆ ಅಕ್ಕಿ ತುಂಬಿದ ಡಬ್ಬಿಯೊಳಗೆ ಮೊಬೈಲ್ ಊರಿ ನಿಲ್ಲಿಸಬಹುದು. ನಾವು ಮೊದಲ ಮೂರು ವಿಡಿಯೋ ಮಾಡಿದ್ದು ಹಾಗೆಯೇ.

3. ಬೆಳಕು: ಕಿಟಕಿಯ ಬೆಳಕಿಗಿಂತ ಒಳ್ಳೆಯ ದೀಪವಿಲ್ಲ. ಕಿಟಕಿ ನಿಮ್ಮ ಬೆನ್ನ ಹಿಂದೆ ಇರಬಾರದು, ಮುಖ ಕಪ್ಪಾಗುತ್ತದೆ. ಕಿಟಕಿಗೆ ಮುಖ ಮಾಡಿ ಅಥವಾ ಪಕ್ಕಕ್ಕೆ ಕುಳಿತುಕೊಳ್ಳಿ. ಬೆಳಗ್ಗೆ 8ರಿಂದ 10ರ ಬೆಳಕು ಹಿತವಾಗಿರುತ್ತದೆ. ರಾತ್ರಿ ಎಲ್‌ಇಡಿ ದೀಪದಲ್ಲಿ ತೆಗೆದಾಗ ಪಟ್ಟೆಪಟ್ಟೆಯಾಗಿ ಮಿನುಗುವುದುಂಟು. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸ್ ಆಗಿರುವುದೇ ಇದಕ್ಕೆ ಕಾರಣ. ಕ್ಯಾಮೆರಾದ ಸೆಟ್ಟಿಂಗಿನಲ್ಲಿ ಮಿನುಗು ತಡೆಯನ್ನು 50 ಹರ್ಟ್ಸ್‌ಗೆ ಇಟ್ಟರೆ ಅಥವಾ ಶಟರ್ ವೇಗವನ್ನು ಸೆಕೆಂಡಿನ 50ನೇ ಇಲ್ಲವೇ 100ನೇ ಒಂದು ಭಾಗಕ್ಕೆ ಇಟ್ಟರೆ ಹೆಚ್ಚಾಗಿ ಸರಿಹೋಗುತ್ತದೆ.

4. ಧ್ವನಿ: ಚಿತ್ರ ಸ್ವಲ್ಪ ಮಸುಕಾದರೂ ಜನ ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಹಣ ಖರ್ಚು ಮಾಡುವುದಾದರೆ ಮೊದಲು ಅಂಗಿಗೆ ಸಿಕ್ಕಿಸುವ ಒಂದು ಕಾಲರ್ ಮೈಕಿಗೆ ಮಾಡಿ. ಫ್ಯಾನ್ ಆರಿಸಿ, ಬಾಗಿಲು ಮುಚ್ಚಿ. ಖಾಲಿ ಕೋಣೆಯಲ್ಲಿ ಮಾತು ಮಾರ್ದನಿಸುತ್ತದೆ. ಬಟ್ಟೆಯ ಕಪಾಟು, ಹಾಸಿಗೆ ಇರುವ ಕೋಣೆಯಲ್ಲಿ ಸ್ಪಷ್ಟವಾಗಿ ಬರುತ್ತದೆ.

ಈ ನಾಲ್ಕನೆಯದರಲ್ಲಿ ನಮ್ಮ ಪಾಡು ಸ್ವಲ್ಪ ವಿಶೇಷ. ದೊಡ್ಡಬಳ್ಳಾಪುರ ವಿದ್ಯುತ್ ಮಗ್ಗಗಳ ಊರು. ನಾವಿರುವ ಬೀದಿಯಲ್ಲಿ ಬೆಳಗಾದರೆ ಲಟಪಟ ಲಟಪಟ ಮಗ್ಗದ ಸದ್ದು, ನಿಲ್ಲುವುದು ರಾತ್ರಿ. ನಡುವೆ ಮೌನವೆಂದರೆ ಕರೆಂಟು ಹೋದಾಗ ಮಾತ್ರ. ಆದರೆ ಕರೆಂಟು ಹೋದರೆ ಮಿಕ್ಸಿಯೂ ತಿರುಗುವುದಿಲ್ಲವಲ್ಲ! ಕೊನೆಗೆ ಚಿತ್ರವನ್ನು ಕರೆಂಟಿದ್ದಾಗ ತೆಗೆದು, ಮಾತನ್ನು ಕರೆಂಟು ಹೋದಾಗ ಬೇರೆಯಾಗಿ ಧ್ವನಿಮುದ್ರಿಸಿ ಜೋಡಿಸುವುದನ್ನು ಕಲಿತೆವು. ನಿಮ್ಮ ಮನೆಯ ಹತ್ತಿರ ಹೆದ್ದಾರಿಯೋ ಶಾಲೆಯೋ ಇದ್ದರೆ ಈ ಉಪಾಯ ಉಪಯೋಗಕ್ಕೆ ಬರುತ್ತದೆ.

ಪರೀಕ್ಷಿಸುವುದು ಹೇಗೆ?

"ಚೆನ್ನಾಗಿದೆ", "ಪರವಾಗಿಲ್ಲ" ಎನ್ನುವುದು ವಿಮರ್ಶೆಯಲ್ಲ. ಅಳತೆ ಬೇಕು. ಮಿಕ್ಸಿಯಾದರೆ ಅರ್ಧ ತೆಂಗಿನಕಾಯಿಯ ತುರಿ, 10 ಬ್ಯಾಡಗಿ ಮೆಣಸು, ಅರ್ಧ ಲೋಟ ನೀರು ಎಂದು ಗೊತ್ತು ಮಾಡಿಕೊಳ್ಳಿ. ಎಷ್ಟು ನಿಮಿಷದಲ್ಲಿ ನುಣ್ಣಗಾಯಿತು ಎಂದು ಗಡಿಯಾರ ನೋಡಿ. ಎರಡು ಬೆರಳ ನಡುವೆ ತಿಕ್ಕಿ ತರಿ ಉಳಿದಿದೆಯೇ ತೋರಿಸಿ. ಅದೇ ಅಳತೆಯಲ್ಲಿ ಹಳೆಯ ಮಿಕ್ಸಿಯಲ್ಲೂ ಅರೆದು ಹೋಲಿಸಿ. ಒಮ್ಮೆ ಮಾಡಿ ತೀರ್ಪು ಕೊಡಬೇಡಿ. ಮೂರು ಸಲವಾದರೂ ಮಾಡಿ.

ಡಬ್ಬಿಯ ಮೇಲಿನ ಗುರುತುಗಳನ್ನು ಓದಿ ಅರ್ಥ ಹೇಳುವುದೂ ವಿಮರ್ಶೆಯ ಭಾಗ. ಮಿಕ್ಸಿಯ ಮೇಲೆ ಐಎಸ್‌ಐ ಗುರುತು ಮತ್ತು ಐಎಸ್ 4250 ಎಂಬ ಸಂಖ್ಯೆ ಇದೆಯೇ? ಅದರ ಜೊತೆಗಿರುವ ಪರವಾನಗಿ ಸಂಖ್ಯೆ ನಿಜವೇ ಎಂದು 'ಬಿಐಎಸ್ ಕೇರ್' ಆ್ಯಪಿನಲ್ಲಿ ಯಾರು ಬೇಕಾದರೂ ನೋಡಬಹುದು. ತಿಂಡಿ ಪೊಟ್ಟಣದ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರಬೇಕು. ಚಿನ್ನದ ಒಡವೆಯ ಮೇಲೆ 6 ಅಕ್ಷರ-ಅಂಕಿಗಳ ಹಾಲ್‌ಮಾರ್ಕ್ ಸಂಖ್ಯೆ ಇರಬೇಕೆಂಬುದು 2023ರ ಏಪ್ರಿಲ್ 1ರಿಂದ ಇರುವ ನಿಯಮ. ಇಂಥ ಒಂದೊಂದು ವಿಷಯ ಒಂದೊಂದು ಮನೆಯ ದುಡ್ಡು ಉಳಿಸುತ್ತದೆ.

ಮಾತು ಮತ್ತು ಜೋಡಣೆ

ಮೊದಲ ವಿಡಿಯೋ ಐದು ನಿಮಿಷ ಮೀರದಿರಲಿ. ಪೂರ್ತಿ ಬರೆದು ಓದಿದರೆ ಭಾಷಣದಂತೆ ಕೇಳಿಸುತ್ತದೆ. ಒಂದು ಚೀಟಿಯಲ್ಲಿ ಆರು ಸಾಲು ಬರೆದುಕೊಂಡರೆ ಸಾಕು: ವಸ್ತು ಯಾವುದು, ಎಷ್ಟಕ್ಕೆ ಕೊಂಡದ್ದು, ಎಷ್ಟು ದಿನ ಬಳಸಿದ್ದು, ಪರೀಕ್ಷೆಯಲ್ಲಿ ಏನು ಕಂಡಿತು, ಕೊರತೆಗಳೇನು, ಯಾರಿಗೆ ಹೊಂದುತ್ತದೆ ಯಾರಿಗೆ ಹೊಂದುವುದಿಲ್ಲ. ಈ ಕೊನೆಯ ಸಾಲನ್ನು ಬಿಡಲೇಬಾರದು. ಇಬ್ಬರೇ ಇರುವ ಮನೆಗೆ ಸಾಕಾಗುವ ಮಿಕ್ಸಿ ಎಂಟು ಮಂದಿಯ ಮನೆಗೆ ಸಾಲದು.

ಮನೆಯಲ್ಲಿ ಆಡುವ ಕನ್ನಡವನ್ನೇ ಆಡಿ. ನಮ್ಮ ಮಾತಿನಲ್ಲಿ ಕರಾವಳಿಯ ರಾಗ ಇದೆಯೆಂದು ಮೊದಮೊದಲು ಸಂಕೋಚಪಟ್ಟೆವು, ಇಲ್ಲಿನವರ ಹಾಗೆ ಮಾತನಾಡಲು ಹೋಗಿ ನಗೆಪಾಟಲಾದೆವು. ನಮ್ಮಂತೆ ನಾವು ಮಾತನಾಡಿದಾಗಲೇ ಜನ ಕೇಳಿದರು.

ಚಿತ್ರಗಳನ್ನು ಕತ್ತರಿಸಿ ಜೋಡಿಸಲು ಮೊಬೈಲಿನಲ್ಲೇ ಉಚಿತ ಆ್ಯಪ್‌ಗಳಿವೆ. ಎರಡು ಕೆಲಸ ಕಲಿತರೆ ಆರಂಭಕ್ಕೆ ಸಾಕು: ಬೇಡದ್ದನ್ನು ಕತ್ತರಿಸುವುದು, ಅಗತ್ಯವಿರುವಲ್ಲಿ ಅಕ್ಷರ ಹಾಕುವುದು. ಸಿನಿಮಾ ಹಾಡು ಹಾಕಬೇಡಿ, ಹಕ್ಕುಸ್ವಾಮ್ಯದ ತಕರಾರು ಬರುತ್ತದೆ. ಸಂಗೀತ ಬೇಕೇ ಬೇಕಾದರೆ ಯೂಟ್ಯೂಬಿನ ಉಚಿತ ಸಂಗೀತ ಸಂಗ್ರಹದಿಂದ ತೆಗೆದುಕೊಳ್ಳಬಹುದು. ಪುಸ್ತಕ, ಸಿನಿಮಾ ವಿಮರ್ಶಿಸುವಾಗ ಅಗತ್ಯವಿದ್ದಷ್ಟು ಚಿಕ್ಕ ಭಾಗವನ್ನು ಉಲ್ಲೇಖಿಸಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಇಡೀ ಅಧ್ಯಾಯ ಓದಲು ಅಲ್ಲ.

ಒಂದು ಸೀರೆ ಕಲಿಸಿದ ಪಾಠ

ಈಗ ನಮ್ಮ ಎಡವಟ್ಟಿನ ಕತೆ ಹೇಳಲೇಬೇಕು.

ನಮ್ಮ ಮನೆಯ ಮಾಲೀಕರು ನೇಕಾರರು. ಕೆಳಗಿನ ಮನೆಯಲ್ಲಿ ಅವರ ಮಗ್ಗಗಳಿವೆ. 2020ರ ಲಾಕ್‌ಡೌನಿನಲ್ಲಿ ಈ ಊರಿನ ಮಗ್ಗಗಳು ನಿಂತು, ನೇಯ್ದ ಸೀರೆ ಮಾರಾಟವಾಗದೆ ನೇಕಾರರು ಪಟ್ಟ ಕಷ್ಟವನ್ನು ಅವರ ಬಾಯಿಯಿಂದಲೇ ಕೇಳಿದ್ದೇವೆ. ಸೂರತ್ತಿನಿಂದ ಬರುವ ಅಗ್ಗದ ಸೀರೆಗಳ ಪೈಪೋಟಿಯ ವಿರುದ್ಧ ಇಲ್ಲಿನ ನೇಕಾರರು ಹಲವು ಬಾರಿ ದನಿ ಎತ್ತಿದ್ದಾರೆ. ಇವರಿಗೊಂದು ಉಪಕಾರ ಮಾಡೋಣ ಎಂದು ಅವರ ಸೀರೆಯೊಂದರ ವಿಮರ್ಶೆ ಮಾಡಿದೆವು. ಸೀರೆಯನ್ನು ಅವರು ಪ್ರೀತಿಯಿಂದ ಹಾಗೆಯೇ ಕೊಟ್ಟಿದ್ದರು. ಅದರ ಹೊಳಪಿಗೆ ಮರುಳಾಗಿ "ಅಪ್ಪಟ ರೇಷ್ಮೆ, ನೇರ ನೇಕಾರರಿಂದ" ಎಂದು ವಿಡಿಯೋದಲ್ಲಿ ಹೇಳಿಬಿಟ್ಟೆವು. ಯಾರನ್ನೂ ಕೇಳಲಿಲ್ಲ.

ಹದಿನೈದು ದಿನ ಕಳೆಯಿತು. ನಮ್ಮ ವಿಡಿಯೋ ನೋಡಿ ಸೀರೆ ತರಿಸಿಕೊಂಡಿದ್ದ ದೂರದ ಊರಿನ ಮಹಿಳೆಯೊಬ್ಬರು ಮಾಲೀಕರಿಗೆ ಫೋನ್ ಮಾಡಿ, ಇದು ರೇಷ್ಮೆಯಲ್ಲ, ಮೋಸ ಮಾಡಿದ್ದೀರಿ ಎಂದು ಬೈದರು. ಮಗಳ ನಿಶ್ಚಿತಾರ್ಥಕ್ಕೆಂದು ಕೊಂಡ ಸೀರೆಯಂತೆ. ಮಾಲೀಕರು ಮಹಡಿ ಹತ್ತಿ ಬಂದರು. ಕೋಪ ಮಾಡಲಿಲ್ಲ. "ಸಾರ್, ನಾವ್ಯಾವತ್ತು ರೇಷ್ಮೆ ಅಂದಿದ್ವಿ? ಇದು ಆರ್ಟ್ ಸಿಲ್ಕು. ಇದಕ್ಕೆ ಇದರದ್ದೇ ಒಂದು ಬೆಲೆ ಐತೆ, ಇದರದ್ದೇ ಒಂದು ಮರ್ಯಾದೆ ಐತೆ. ನೀವು ಇಲ್ಲದ್ದು ಹೇಳಿ ಇರೋ ಮರ್ಯಾದೇನೂ ತೆಗೆದ್ರಿ" ಎಂದರು.

ನಮಗೆ ತಲೆ ಎತ್ತಲಾಗಲಿಲ್ಲ. ಆ ವಿಡಿಯೋ ತೆಗೆದುಹಾಕಿದೆವು. ಆ ತಾಯಿಗೆ ಸೀರೆಯ ಹಣವನ್ನು ನಾವೇ ಕಳುಹಿಸಿ ಕ್ಷಮೆ ಕೇಳಿದೆವು. ನಂತರ ಮಾಲೀಕರ ಜೊತೆಯಲ್ಲೇ ಕುಳಿತು ಹೊಸ ವಿಡಿಯೋ ಮಾಡಿದೆವು. ರೇಷ್ಮೆಯನ್ನು ಗುರುತಿಸುವುದನ್ನು ಅವರೇ ತೋರಿಸಿದರು. ಸೀರೆಯ ಅಂಚಿನಿಂದ ಎರಡು ಎಳೆ ತೆಗೆದು ಸುಟ್ಟರೆ, ನಿಜವಾದ ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ವಿಸ್ಕೋಸ್ ಆದರೆ ಕಾಗದ ಸುಟ್ಟ ವಾಸನೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಗುಂಡಾಗುತ್ತದೆ. ಹಾವು ನೇರವಾಗಿ ಎರಡು ಎಳೆ ಮಾತ್ರವಲ್ಲ, ಹಾಸು ಒಂದು, ಹೊಕ್ಕು ಒಂದು, ಎರಡನ್ನೂ ಸುಡಬೇಕು. ಹಾಸು ರೇಷ್ಮೆಯಾಗಿದ್ದು ಹೊಕ್ಕು ಬೇರೆಯಾಗಿರುವುದೂ ಉಂಟು. ಸೀರೆ ಸುಡಲು ಮನಸ್ಸಿಲ್ಲದವರು ಸಿಲ್ಕ್ ಮಾರ್ಕ್ ಚೀಟಿ ನೋಡಬಹುದು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಆರಂಭವಾದ ಈ ಗುರುತು, ವಸ್ತು ಶುದ್ಧ ರೇಷ್ಮೆಯದು ಎಂಬುದಕ್ಕೆ ಭರವಸೆ.

ಆರ್ಟ್ ಸಿಲ್ಕ್ ಎಂದು ಸ್ಪಷ್ಟವಾಗಿ ಹೇಳಿ, ಅದರ ಬೆಲೆ ಹೇಳಿ, ಮನೆಯಲ್ಲೇ ಹೇಗೆ ಒಗೆಯಬಹುದು ಎಂದು ತೋರಿಸಿದ ಆ ವಿಡಿಯೋವನ್ನು ಮೊದಲಿನದಕ್ಕಿಂತ ಕಡಿಮೆ ಜನ ನೋಡಿದರು. ಆದರೆ ಅದನ್ನು ನೋಡಿ ಕೊಂಡವರು ಯಾರೂ ಬೈಯಲಿಲ್ಲ.

ಕಾನೂನು ಏನು ಹೇಳುತ್ತದೆ?

ಸಣ್ಣ ಮಟ್ಟದಲ್ಲಿ ಮಾಡುವ ನಮಗೆ ಕಾನೂನು ಯಾಕೆ ಎಂದು ತಾತ್ಸಾರ ಬೇಡ. ಮೇಲಿನ ಕತೆಯಲ್ಲಿ ನಾವು ಎರಡು ತಪ್ಪು ಮಾಡಿದ್ದೆವು. ಒಂದು, ಪರೀಕ್ಷಿಸದೆ ಹೇಳಿದ್ದು. ಎರಡು, ಸೀರೆ ಉಚಿತವಾಗಿ ಬಂದದ್ದು, ಕೊಟ್ಟವರು ನಮ್ಮ ಮನೆ ಮಾಲೀಕರು ಎಂಬುದನ್ನು ಹೇಳದೆ ಬಿಟ್ಟದ್ದು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದಾರಿ ತಪ್ಪಿಸುವ ಜಾಹೀರಾತಿಗೆ ಬೆಂಬಲ ಕೊಟ್ಟವರ ಮೇಲೂ 10 ಲಕ್ಷ ರೂಪಾಯಿಯವರೆಗೆ ದಂಡ ಹಾಕಲು ಅವಕಾಶ ಕೊಡುತ್ತದೆ. ತಪ್ಪು ಮರುಕಳಿಸಿದರೆ 50 ಲಕ್ಷದವರೆಗೆ. ಆದರೆ ಹೇಳುವ ಮುನ್ನ ಸಾಕಷ್ಟು ಪರಿಶೀಲಿಸಿದ್ದರೆ ರಕ್ಷಣೆಯೂ ಉಂಟು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿ ಇನ್ನೂ ಸರಳವಾಗಿದೆ. ಹಣ, ಉಚಿತ ವಸ್ತು, ರಿಯಾಯಿತಿ, ಪ್ರವಾಸ, ಉದ್ಯೋಗ ಸಂಬಂಧ, ನೆಂಟಸ್ತಿಕೆ ಇವುಗಳಲ್ಲಿ ಯಾವುದಿದ್ದರೂ ನೋಡುವವರಿಗೆ ತಿಳಿಸಬೇಕು. ವಿಡಿಯೋ ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ ಹೇಳಬೇಕು. ಕೆಳಗಿನ ವಿವರಣೆಯಲ್ಲಿ ಬರೆದರೆ ಸಾಲದು, ಬಾಯಲ್ಲೂ ಹೇಳಬೇಕು, ಪರದೆಯ ಮೇಲೂ ಕಾಣಬೇಕು. "ಈ ವಸ್ತುವನ್ನು ಕಂಪನಿಯವರು ಉಚಿತವಾಗಿ ಕೊಟ್ಟಿದ್ದಾರೆ" ಎಂಬ ಒಂದು ವಾಕ್ಯಕ್ಕೆ ಐದು ಸೆಕೆಂಡು ಸಾಕು. ವ್ಯಾಪಾರ ಸಂಸ್ಥೆಗಳಿಂದ ವರ್ಷಕ್ಕೆ 20,000 ರೂಪಾಯಿಗೆ ಮೀರಿದ ಉಡುಗೊರೆ ವಸ್ತುಗಳು ಬಂದರೆ 10 ಪ್ರತಿಶತ ತೆರಿಗೆ ಕಡಿತದ ನಿಯಮವೂ 2022ರ ಜುಲೈ 1ರಿಂದ ಬಂದಿದೆ. ಹಣ ಪಡೆದು ಬರೆದ ವಿಮರ್ಶೆಗಳನ್ನು ಮಾರಾಟ ತಾಣಗಳು ಪ್ರಕಟಿಸಬಾರದೆಂದು ಭಾರತೀಯ ಮಾನಕ ಬ್ಯೂರೋ 2022ರ ನವೆಂಬರಿನಲ್ಲಿ ಐಎಸ್ 19000 ಎಂಬ ಮಾನದಂಡವನ್ನೇ ತಂದಿತು.

ಕೊರತೆ ಹೇಳಿದರೆ ಕಂಪನಿಯವರು ನೋಟಿಸು ಕಳುಹಿಸುತ್ತಾರೆಯೇ ಎಂಬ ಭಯವೂ ಹಲವರಿಗಿದೆ. 2023ರ ಏಪ್ರಿಲಿನಲ್ಲಿ ರೇವಂತ್ ಹಿಮತ್ಸಿಂಗ್ಕಾ ಎಂಬವರು ಬೋರ್ನ್‌ವಿಟಾದಲ್ಲಿ ಸಕ್ಕರೆ ಹೆಚ್ಚಿದೆಯೆಂದು ವಿಡಿಯೋ ಮಾಡಿದಾಗ ಕಂಪನಿಯಿಂದ ಕಾನೂನು ನೋಟಿಸು ಬಂದು, ಅವರು ವಿಡಿಯೋ ತೆಗೆದುಹಾಕಿದರು. ಆದರೆ ವಿಷಯ ಅಲ್ಲಿಗೆ ನಿಲ್ಲಲಿಲ್ಲ. ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗ ಕಂಪನಿಗೆ ನೋಟಿಸು ಕೊಟ್ಟಿತು, ಮುಂದೆ ಕಂಪನಿ ಸೇರಿಸುವ ಸಕ್ಕರೆಯ ಪ್ರಮಾಣವನ್ನೂ ಇಳಿಸಿತು. ನಮಗೆ ಇದರಿಂದ ತಿಳಿಯುವುದಿಷ್ಟು: ಪೊಟ್ಟಣದ ಮೇಲಿರುವುದನ್ನು ಓದಿ ತೋರಿಸಿ, ನೀವು ಕಂಡದ್ದನ್ನು ಕಂಡಷ್ಟೇ ಹೇಳಿ. "ನಮ್ಮ ಮನೆಯಲ್ಲಿ ಇದರ ಹಿಡಿ ಮೂರು ತಿಂಗಳಲ್ಲಿ ಮುರಿಯಿತು" ಎನ್ನುವುದು ಅನುಭವ. "ಈ ಕಂಪನಿಯವರು ಕಳ್ಳರು" ಎನ್ನುವುದು ನಿಂದೆ. ಮಾನನಷ್ಟ ಈಗಲೂ ಅಪರಾಧವೇ. ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಅದಕ್ಕೆ ಸಂಬಂಧಿಸಿದ್ದು. ಬಿಲ್ಲು, ಫೋಟೋ, ರಿಪೇರಿ ಚೀಟಿಗಳನ್ನು ಜೋಪಾನವಾಗಿಡಿ.

ಮನೆಮಂದಿ, ಮಕ್ಕಳು, ಹಣ

ಮನೆಯಲ್ಲಿ ವಿಡಿಯೋ ಮಾಡುವಾಗ ಮನೆಯೂ ಅದರಲ್ಲಿ ಕಾಣುತ್ತದೆ ಎಂಬುದನ್ನು ಮರೆಯಬೇಡಿ. ಡಬ್ಬಿಯ ಮೇಲಿನ ವಿಳಾಸ ಚೀಟಿ, ಬಿಲ್ಲಿನ ಫೋನ್ ನಂಬರು, ಮಕ್ಕಳ ಶಾಲೆಯ ಸಮವಸ್ತ್ರ, ವಾಹನದ ನಂಬರು ಇವುಗಳನ್ನು ಮರೆಮಾಡಿ. ಅಜ್ಜಿ ಹಿಂದೆ ಕುಳಿತಿದ್ದರೆ ಅವರನ್ನು ಕೇಳಿ ತೆಗೆಯಿರಿ. ಮಕ್ಕಳನ್ನು ಮುಂದೆ ನಿಲ್ಲಿಸಿ ಆಟಿಕೆ ಮಾರಿಸುವ ಕೆಲಸ ಬೇಡವೇ ಬೇಡ. ಕೆಟ್ಟ ಕಾಮೆಂಟುಗಳು ಬಂದೇ ಬರುತ್ತವೆ. ತಪ್ಪು ತೋರಿಸಿದವರಿಗೆ ಧನ್ಯವಾದ ಹೇಳಿ, ಬೈದವರನ್ನು ಬಿಟ್ಟುಬಿಡಿ.

ಹಣ ಬರುತ್ತದೆಯೇ ಎಂಬುದು ಎಲ್ಲರ ಪ್ರಶ್ನೆ. ಜಾಹೀರಾತಿನ ಪಾಲು ಬರಬೇಕಾದರೆ ಯೂಟ್ಯೂಬಿನಲ್ಲಿ 1000 ಚಂದಾದಾರರು ಮತ್ತು 12 ತಿಂಗಳಲ್ಲಿ ಜನ ನೋಡಿದ 4000 ಗಂಟೆಗಳು ಬೇಕೆಂಬ ನಿಯಮ 2018ರಲ್ಲಿ ಬಂತು. ಕಿರು ವಿಡಿಯೋಗಳಾದರೆ 90 ದಿನಗಳಲ್ಲಿ 1 ಕೋಟಿ ವೀಕ್ಷಣೆ. 4000 ಗಂಟೆ ಎಂದರೆ ಐದು ನಿಮಿಷದ ವಿಡಿಯೋವನ್ನು ಪೂರ್ತಿಯಾಗಿ 48,000 ಬಾರಿ ನೋಡಬೇಕು! ಆದ್ದರಿಂದ ಇದ್ದ ಕೆಲಸ ಬಿಟ್ಟು, ಸಾಲ ಮಾಡಿ ಕ್ಯಾಮೆರಾ ಕೊಂಡು ಇದಕ್ಕಿಳಿಯಬೇಡಿ. ವಾರಕ್ಕೊಂದೋ ಎರಡು ವಾರಕ್ಕೊಂದೋ ವಿಡಿಯೋ, ಬಿಡುವಿನ ವೇಳೆಯಲ್ಲಿ, ಸಂತೋಷಕ್ಕಾಗಿ ಎಂದು ಆರಂಭಿಸುವುದು ಕ್ಷೇಮ.

ಕೊನೆಯ ಮಾತು

ನಾಲ್ಕು ಜನ ನೋಡುವ ವಿಡಿಯೋದಿಂದ ಏನಾದೀತು ಎನ್ನಬೇಡಿ. ನಮ್ಮ ಪಕ್ಕದ ಹೊಸಕೋಟೆಯನ್ನೇ ನೋಡಿ. ಅಲ್ಲಿನ ದಮ್ ಬಿರಿಯಾನಿಗೆ ಬೆಳಗಿನ ಜಾವ ಕತ್ತಲಲ್ಲೇ ಸಾಲು ನಿಲ್ಲುವ ಜನರನ್ನು ಆಹಾರ ವಿಮರ್ಶಕರು ವಿಡಿಯೋ ಮಾಡಿ ಹಾಕಿದ್ದೇ ಹಾಕಿದ್ದು, ಬೆಂಗಳೂರಿನಿಂದ ನಿದ್ದೆಗೆಟ್ಟು ಹೋಗುವವರ ಸಂಖ್ಯೆ ಇನ್ನೂ ಬೆಳೆಯಿತು. ಒಂದು ಊರಿಗೆ ಹೆಸರು ತರುವ ಶಕ್ತಿ ಈ ಪುಟ್ಟ ಪರದೆಗಿದೆ. ಅದೇ ಶಕ್ತಿ ಒಂದು ಮಗ್ಗದ ಮನೆಯ ಹೆಸರನ್ನು ಹದಿನೈದು ದಿನದಲ್ಲಿ ಕೆಡಿಸಬಲ್ಲುದು ಎಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ನಿಮ್ಮ ವಿಡಿಯೋವನ್ನು ಹತ್ತು ಜನ ಮಾತ್ರ ನೋಡಿದರೂ ಅವರಲ್ಲಿ ಒಬ್ಬರು ತಿಂಗಳ ಸಂಬಳದಲ್ಲಿ ಉಳಿಸಿದ ದುಡ್ಡನ್ನು ನಿಮ್ಮ ಮಾತು ನಂಬಿ ಖರ್ಚು ಮಾಡುತ್ತಾರೆ. ಹಿಂದೆ ನೆರೆಮನೆಯವರು ತಪ್ಪು ಹೇಳಿದರೆ ಮರುದಿನ ಬಾವಿಕಟ್ಟೆಯಲ್ಲಿ ಮುಖ ತೋರಿಸಬೇಕಿತ್ತು; ಆ ಅಂಜಿಕೆಯೇ ಅವರನ್ನು ಸತ್ಯದಲ್ಲಿ ನಿಲ್ಲಿಸುತ್ತಿತ್ತು. ಪರದೆಯ ಹಿಂದೆ ಕುಳಿತ ನಮಗೆ ಆ ಬಾವಿಕಟ್ಟೆ ಇಲ್ಲ. ನೋಡುವವರು ನಾಳೆ ಬೆಳಗ್ಗೆ ನಮ್ಮ ಮನೆ ಬಾಗಿಲಿಗೆ ಬಂದಾರು ಎಂದುಕೊಂಡೇ ಮಾತನಾಡೋಣ.

ಈ ವಾರ ನಿಮ್ಮ ಮನೆಯ ಹಳೆಯ ಮಿಕ್ಸಿಯನ್ನೋ ಕುಕ್ಕರನ್ನೋ ಕಿಟಕಿಯ ಬಳಿ ಇಟ್ಟು, ಅಕ್ಕಿ ಡಬ್ಬಿಯಲ್ಲಿ ಮೊಬೈಲ್ ನಿಲ್ಲಿಸಿ, ಒಂದು ಸಲ ಪ್ರಯತ್ನಿಸಿ ನೋಡಿ. ಎಲ್ಲರಿಗೂ ಶುಭವಾಗಲಿ.